ಎರಡನೇ ಸರ್ವ್‌ನ ಆಚೆಗೆ ಯಾನಾ ನೊವೊಟ್ನಾ

ಟೆನಿಸ್‌ನಲ್ಲಿ ಎರಡನೇ ಸರ್ವ್‌ನಷ್ಟು ಒಂಟಿಯಾದ ಹೊಡೆತ ಮತ್ತೊಂದಿಲ್ಲ. ಉಳಿದ ಹೊಡೆತಗಳೆಲ್ಲ ಎದುರಾಳಿ ಕಳಿಸಿದ ಚೆಂಡಿಗೆ ಕೊಡುವ ಉತ್ತರ. ಓಡಿ ಚೆಂಡನ್ನು ಮುಟ್ಟುವ ಅವಸರದಲ್ಲಿ ಯೋಚನೆಗೆ ಪುರುಸೊತ್ತೇ ಇರುವುದಿಲ್ಲ. ಸರ್ವ್ ಮಾಡುವವಳಿಗೆ ಮಾತ್ರ ಬೇಕಾದಷ್ಟು ಪುರುಸೊತ್ತು. ಗೆರೆಯ ಹಿಂದೆ ನಿಂತು ಚೆಂಡು ಪುಟಿಸುತ್ತಾಳೆ, ಎದುರಿನವಳನ್ನು ನೋಡುತ್ತಾಳೆ, ಸಾವಿರಾರು ಜನ ಮಾತು ನಿಲ್ಲಿಸಿ ಅವಳನ್ನೇ ನೋಡುತ್ತಿರುತ್ತಾರೆ. ಚೆಂಡು ನಡುಮಧ್ಯದಲ್ಲಿ 3 ಅಡಿ ಎತ್ತರವಿರುವ ನೆಟ್ ದಾಟಿ, 21 ಅಡಿ ಉದ್ದ, 13.5 ಅಡಿ ಅಗಲದ ಸರ್ವಿಸ್ ಬಾಕ್ಸ್‌ನೊಳಗೆ ಬೀಳಬೇಕು. ಮೊದಲ ಸರ್ವ್ ತಪ್ಪಿದರೆ ಇನ್ನೊಂದು ಉಂಟು ಎಂಬ ಧೈರ್ಯವಿರುತ್ತದೆ. ಎರಡನೆಯದೂ ತಪ್ಪಿದರೆ ಅದು ಡಬಲ್ ಫಾಲ್ಟ್, ಎದುರಾಳಿ ನಿಂತಲ್ಲೇ ನಿಂತು ಪಾಯಿಂಟ್ ಗೆಲ್ಲುತ್ತಾಳೆ.

1993ರ ಜುಲೈ 3ರಂದು ವಿಂಬಲ್ಡನ್ ಸೆಂಟರ್ ಕೋರ್ಟ್‌ನಲ್ಲಿ ಅಂಥದೊಂದು ಎರಡನೇ ಸರ್ವ್ ಗೆರೆ ದಾಟಿ ಹೊರಗೆ ಬಿತ್ತು. ಮಹಿಳೆಯರ ಸಿಂಗಲ್ಸ್ ಫೈನಲ್, ಮೂರನೇ ಸೆಟ್. ಚೆಕ್ ಗಣರಾಜ್ಯದ ಯಾನಾ ನೊವೊಟ್ನಾ 4-1ರಿಂದ ಮುಂದಿದ್ದರು. ಸರ್ವ್ ಅವರದೇ, ಸ್ಕೋರ್ 40-30. ಇನ್ನೊಂದು ಪಾಯಿಂಟ್ ಸಿಕ್ಕಿದ್ದರೆ 5-1. ಎದುರಿಗಿದ್ದವರು ಅದಾಗಲೇ ನಾಲ್ಕು ಸಲ ವಿಂಬಲ್ಡನ್ ಗೆದ್ದಿದ್ದ ಸ್ಟೆಫಿ ಗ್ರಾಫ್. ಎರಡನೇ ಸೆಟ್‌ನಲ್ಲಿ ಗ್ರಾಫ್‌ಗೆ ಸಿಕ್ಕಿದ್ದು ಒಂದೇ ಒಂದು ಗೇಮ್. ಆಟ ಯಾರ ಕೈಯಲ್ಲಿದೆ ಎಂಬ ಬಗ್ಗೆ ಆ ಹೊತ್ತಿನಲ್ಲಿ ನೋಡುವವರಿಗೆ ಅನುಮಾನವೇ ಇರಲಿಲ್ಲ.

ಆ ಡಬಲ್ ಫಾಲ್ಟ್‌ನ ಬೆನ್ನಿಗೇ ಒಂದು ವಾಲಿ ದಿಕ್ಕು ತಪ್ಪಿತು, ಒಂದು ಸ್ಮ್ಯಾಶ್ ನೆಟ್‌ಗೆ ಹೋಯಿತು. 5-1 ಆಗಬೇಕಾಗಿದ್ದದ್ದು 4-2 ಆಯಿತು. ನೊವೊಟ್ನಾ ಮತ್ತೆ ಸರ್ವ್‌ಗೆ ಬಂದ ಗೇಮ್‌ನಲ್ಲಿ ಮೂರು ಡಬಲ್ ಫಾಲ್ಟ್‌ಗಳಾದವು. ಗ್ರಾಫ್ ಸತತ ಐದು ಗೇಮ್ ಗೆದ್ದರು. 7-6, 1-6, 6-4. ಪ್ರಶಸ್ತಿ ಕೊಡಲು ಬಂದ ಕೆಂಟ್‌ನ ಡಚೆಸ್ ಕ್ಯಾಥರೀನ್ ಸಮಾಧಾನದ ಎರಡು ಮಾತು ಆಡುತ್ತಿದ್ದಂತೆ ನೊವೊಟ್ನಾ ಅವರ ಭುಜಕ್ಕೆ ತಲೆಯಿಟ್ಟು ಅತ್ತುಬಿಟ್ಟರು. ರಾಜಮನೆತನದ ಶಿಷ್ಟಾಚಾರವನ್ನೆಲ್ಲ ಮರೆತು ಡಚೆಸ್ ನೊವೊಟ್ನಾರನ್ನು ಅಪ್ಪಿಕೊಂಡರು. ಆ ಚಿತ್ರ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂತು. ಟೆನಿಸ್ ನೋಡದವರಿಗೂ ಅದು ಗೊತ್ತು.

ನನ್ನ ತಕರಾರು ಇರುವುದು ಇಲ್ಲೇ. ಈ ಆಟಗಾರ್ತಿ ಗೆದ್ದ ಗ್ರ್ಯಾಂಡ್ ಸ್ಲಾಮ್ ಪ್ರಶಸ್ತಿಗಳು 17. ಸಿಂಗಲ್ಸ್‌ನಲ್ಲಿ 24, ಡಬಲ್ಸ್‌ನಲ್ಲಿ 76 ಟೂರ್ನಿಗಳನ್ನು ಗೆದ್ದವರು. ಒಲಿಂಪಿಕ್ಸ್‌ನ ಮೂರು ಪದಕಗಳಿವೆ. ಸಿಂಗಲ್ಸ್‌ನಲ್ಲಿ ವಿಶ್ವದ 2ನೇ ಸ್ಥಾನ, ಡಬಲ್ಸ್‌ನಲ್ಲಿ 1ನೇ ಸ್ಥಾನ ತಲುಪಿದ್ದರು. ಇಷ್ಟಾಗಿಯೂ ಅವರ ಹೆಸರು ಎತ್ತಿದೊಡನೆ ನೆನಪಾಗುವುದು ಸೋತು ಅತ್ತ ಆ ಒಂದು ನಿಮಿಷ. ಒತ್ತಡ ತಾಳದವರು, ಗೆಲುವಿನ ಬಾಗಿಲಲ್ಲಿ ಕೈಕಾಲು ನಡುಗುವವರು ಎಂದು ಅಂದಿನ ಪತ್ರಿಕೆಗಳು ಬರೆದವು, ಅದೇ ಉಳಿಯಿತು. ನೊವೊಟ್ನಾ ಆಡಿದ ಟೆನಿಸ್ ಎಂಥದು, ಅದರಲ್ಲಿ ಮುನ್ನಡೆ ಕಳೆದುಕೊಳ್ಳುವುದಕ್ಕೆ ಏನು ಅರ್ಥ ಎಂದು ಕೇಳಿದವರು ಕಡಿಮೆ. ಅದನ್ನು ಅರಿಯದೆ ಅವರ ವೃತ್ತಿಬದುಕನ್ನು ಅಳೆಯಲಾಗದು ಎಂಬುದು ನನ್ನ ನಂಬಿಕೆ.

ಯಾನಾ ಹುಟ್ಟಿದ್ದು 1968ರ ಅಕ್ಟೋಬರ್ 2ರಂದು, ಮೊರಾವಿಯಾ ಪ್ರಾಂತ್ಯದ ಬ್ರ್ನೊ ನಗರದಲ್ಲಿ. ಆ ವರ್ಷದ ಆಗಸ್ಟ್‌ನಲ್ಲಷ್ಟೇ ಸೋವಿಯತ್ ಟ್ಯಾಂಕ್‌ಗಳು ಚೆಕೊಸ್ಲೊವಾಕಿಯಾದೊಳಕ್ಕೆ ನುಗ್ಗಿದ್ದವು. ಮುಂದಿನ ಎರಡು ದಶಕ ಆ ದೇಶದ ಜನರಿಗೆ ಗಡಿ ದಾಟುವುದೇ ದುಸ್ತರವಾಗಿತ್ತು. ಟೆನಿಸ್ ಆಟಗಾರರಿಗೆ ಮಾತ್ರ ಆ ಬಾಗಿಲು ತೆರೆದಿರುತ್ತಿತ್ತು. ಊರೂರಲ್ಲಿ ಕ್ಲಬ್‌ಗಳು, ಎಳೆಯ ವಯಸ್ಸಿನಲ್ಲೇ ಗುರುತಿಸಿ ಬೆಳೆಸುವ ಪದ್ಧತಿ, ಕೆಂಪು ಮಣ್ಣಿನ ಅಂಕಣಗಳು. ಅಲ್ಲಿಂದ ಯಾನ್ ಕೊಡೆಸ್ ಬಂದರು, ಮಾರ್ಟಿನಾ ನವ್ರಾಟಿಲೋವಾ ಬಂದರು, ಇವಾನ್ ಲೆಂಡ್ಲ್, ಹಾನಾ ಮ್ಯಾಂಡ್ಲಿಕೋವಾ, ಹೆಲೆನಾ ಸುಕೋವಾ ಬಂದರು. ಹೆಲೆನಾಳ ತಾಯಿ ವೆರಾ ಸುಕೋವಾ ಸ್ವತಃ 1962ರ ವಿಂಬಲ್ಡನ್ ಫೈನಲ್ ಆಡಿದವರು. ಒಂದು ಪೀಳಿಗೆ ಆಡಿ ಮುಗಿಸಿ ಮುಂದಿನದಕ್ಕೆ ಕಲಿಸುವ ವಾಡಿಕೆ ಅಲ್ಲಿ ಗಟ್ಟಿಯಾಗಿತ್ತು. ಯಾನಾಳ ಬದುಕಿನ ಆರಂಭಕ್ಕೂ ಕೊನೆಗೂ ಈ ವಾಡಿಕೆಯೇ ಆಧಾರವಾಯಿತು.

ಮೊದಲು ಅವರು ಹೆಸರು ಮಾಡಿದ್ದು ಡಬಲ್ಸ್‌ನಲ್ಲಿ. 1988ರಲ್ಲಿ ಅಮೆರಿಕದ ಜಿಮ್ ಪ್ಯೂ ಜೊತೆಗೂಡಿ ಆಸ್ಟ್ರೇಲಿಯನ್ ಓಪನ್ ಮಿಶ್ರ ಡಬಲ್ಸ್ ಗೆದ್ದರು. ಅದೇ ವರ್ಷ ಯುಎಸ್ ಓಪನ್, ಮರುವರ್ಷ ಮತ್ತೆ ಆಸ್ಟ್ರೇಲಿಯಾ, ಆಮೇಲೆ ವಿಂಬಲ್ಡನ್. ಸುಕೋವಾ ಜೊತೆ 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ. 1989ರ ವಿಂಬಲ್ಡನ್ ಡಬಲ್ಸ್ ಇವರದೇ. 1990ರಲ್ಲಂತೂ ಈ ಜೋಡಿ ಆಸ್ಟ್ರೇಲಿಯಾ, ಫ್ರಾನ್ಸ್, ವಿಂಬಲ್ಡನ್ ಮೂರನ್ನೂ ಗೆದ್ದು ನ್ಯೂಯಾರ್ಕ್‌ನ ಫೈನಲ್‌ವರೆಗೂ ಹೋಯಿತು. ಒಂದೇ ವರ್ಷ ನಾಲ್ಕೂ ಗ್ರ್ಯಾಂಡ್ ಸ್ಲಾಮ್ ಗೆಲ್ಲಲು ಒಂದು ಪಂದ್ಯ ಬಾಕಿಯಿತ್ತು. ಅಲ್ಲಿ ಅಡ್ಡಗಟ್ಟಿದವರು ಜಿಗಿ ಫರ್ನಾಂಡಿಸ್ ಮತ್ತು ನವ್ರಾಟಿಲೋವಾ.

ಡಬಲ್ಸ್ ಎಂದರೆ ಸಿಂಗಲ್ಸ್‌ಗೆ ಸಾಲದವರ ಆಟ ಎಂಬ ಭಾವನೆ ನಮ್ಮಲ್ಲೂ ಇತ್ತು. ಕೊಡಗಿನ ರೋಹನ್ ಬೋಪಣ್ಣ 2024ರಲ್ಲಿ, 43ನೇ ವಯಸ್ಸಿನಲ್ಲಿ, ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದು ವಿಶ್ವದ ಅಗ್ರಸ್ಥಾನಕ್ಕೇರಿದಾಗ ಆ ಭಾವನೆ ಸ್ವಲ್ಪ ಸಡಿಲವಾಗಿರಬಹುದು. ನಿಜಕ್ಕೂ ಅದು ಬೇರೆಯೇ ವಿದ್ಯೆ. ಸರ್ವ್ ಮಾಡಿದವಳು ನೆಟ್‌ನತ್ತ ಓಡಬೇಕು, ಜೊತೆಗಾತಿ ಅದಾಗಲೇ ಅಲ್ಲಿ ಕಾಯುತ್ತಿರುತ್ತಾಳೆ. ರಿಟರ್ನ್ ತುಸು ಮೇಲೆದ್ದರೂ ಅವಳು ಅಡ್ಡ ಬಂದು ಕತ್ತರಿಸಿಬಿಡುತ್ತಾಳೆ. ಹಾಗಾಗಿ ಎದುರಿನವರು ಚೆಂಡನ್ನು ಓಡಿಬರುವವಳ ಪಾದದ ಬಳಿಗೇ ಕಳಿಸುತ್ತಾರೆ. ನೆಲದಿಂದ ಒಂದು ಗೇಣು ಎತ್ತರದ ಚೆಂಡನ್ನು, ಮೊಣಕಾಲು ಬಗ್ಗಿಸಿ, ಓಡುತ್ತಲೇ, ನೆಟ್‌ನ ಆಚೆಯ ಖಾಲಿ ಜಾಗಕ್ಕೆ ಇಳಿಸುವುದೇ ಮೊದಲ ವಾಲಿ. ನಾಲ್ವರೂ ನೆಟ್ ಬಳಿ ಬಂದರೆ ಯೋಚನೆ ಕೆಲಸಕ್ಕೆ ಬಾರದು, ಕೈ ತಾನಾಗಿ ಏಳಬೇಕು. ನೊವೊಟ್ನಾ ಈ ವಿದ್ಯೆಯನ್ನು ತನ್ನ ತಲೆಮಾರಿನ ಯಾರಿಗೂ ಕಡಿಮೆಯಿಲ್ಲದಂತೆ ಕಲಿತಿದ್ದರು.

ಮಹಿಳೆಯರ ಡಬಲ್ಸ್‌ನಲ್ಲಿ ಅವರ ಗ್ರ್ಯಾಂಡ್ ಸ್ಲಾಮ್‌ಗಳು 12. ಈ 12ರಲ್ಲಿ ಜೊತೆಗಾತಿಯರು ಐವರು: ಸುಕೋವಾ, ಜಿಗಿ ಫರ್ನಾಂಡಿಸ್, ಅರಾಂತ್ಸಾ ಸ್ಯಾಂಚೆಜ್ ವಿಕಾರಿಯೊ, ಲಿಂಡ್ಸೆ ಡೆವನ್‌ಪೋರ್ಟ್, ಮಾರ್ಟಿನಾ ಹಿಂಗಿಸ್. ಎತ್ತರದ ಸುಕೋವಾ ಜೊತೆ ಗೆದ್ದರು, ಹಿಂದಿನ ಗೆರೆ ಬಿಟ್ಟು ಬರಲೊಲ್ಲದ ಸ್ಯಾಂಚೆಜ್ ಜೊತೆಗೂ ಗೆದ್ದರು, ತನಗಿಂತ ಹನ್ನೆರಡು ವರ್ಷ ಚಿಕ್ಕವಳಾದ ಹಿಂಗಿಸ್ ಜೊತೆಗೂ ಗೆದ್ದರು. ಪಕ್ಕದಲ್ಲಿ ಯಾರೇ ಇರಲಿ, ಅವರ ಆಟಕ್ಕೆ ತನ್ನದನ್ನು ಹೊಂದಿಸುವ ಗುಣ ಅದು. ಹಿಂಗಿಸ್ ನಮ್ಮ ಓದುಗರಿಗೆ ಇನ್ನೊಂದು ಬಗೆಯಲ್ಲೂ ಪರಿಚಿತೆ: 2015ರಲ್ಲಿ ಸಾನಿಯಾ ಮಿರ್ಜಾ ಜೊತೆ ವಿಂಬಲ್ಡನ್ ಡಬಲ್ಸ್ ಗೆದ್ದವರು ಅವರೇ. ಅದಕ್ಕೂ 17 ವರ್ಷ ಮೊದಲು, 1998ರಲ್ಲಿ, ಅದೇ ಅಂಕಣದಲ್ಲಿ ಹಿಂಗಿಸ್ ಪಕ್ಕದಲ್ಲಿ ನಿಂತಿದ್ದವರು ನೊವೊಟ್ನಾ.

ಸಿಂಗಲ್ಸ್‌ನಲ್ಲಿ ಅವರು ಮೇಲೇರಿದ್ದು ಮ್ಯಾಂಡ್ಲಿಕೋವಾ ಕೋಚ್ ಆದ ಮೇಲೆ. ನಾಲ್ಕು ಗ್ರ್ಯಾಂಡ್ ಸ್ಲಾಮ್ ಗೆದ್ದ ಮ್ಯಾಂಡ್ಲಿಕೋವಾ 1985ರ ಯುಎಸ್ ಓಪನ್‌ನಲ್ಲಿ ಕ್ರಿಸ್ ಎವರ್ಟ್, ನವ್ರಾಟಿಲೋವಾ ಇಬ್ಬರನ್ನೂ ಸೋಲಿಸಿದ್ದರು. ಆದರೆ ವಿಂಬಲ್ಡನ್ ಅವರಿಗೂ ಒಲಿಯಲಿಲ್ಲ. 1981 ಮತ್ತು 1986ರಲ್ಲಿ ಫೈನಲ್‌ಗೆ ಬಂದು ಸೋತಿದ್ದರು. ತನಗೆ ದಕ್ಕದ ಹುಲ್ಲಿನಂಕಣದ ಗೆಲುವಿಗೆ ಶಿಷ್ಯೆಯನ್ನು ಅಣಿಗೊಳಿಸುವ ಕೆಲಸವನ್ನು ಅವರು 1990ರಿಂದ ದಶಕದ ಕೊನೆಯವರೆಗೆ ಬಿಡದೆ ಮಾಡಿದರು. ಫಲ ಬೇಗ ಕಂಡಿತು. 1991ರ ಆಸ್ಟ್ರೇಲಿಯನ್ ಓಪನ್‌ನಲ್ಲಿ ನೊವೊಟ್ನಾ ಕ್ವಾರ್ಟರ್ ಫೈನಲ್‌ನಲ್ಲಿ ಗ್ರಾಫ್‌ರನ್ನು ಮೂರನೇ ಸೆಟ್‌ನಲ್ಲಿ 8-6ರಿಂದ ಮಣಿಸಿ ಫೈನಲ್ ತಲುಪಿದರು. ಅಲ್ಲಿ ಮೋನಿಕಾ ಸೆಲೆಸ್ ವಿರುದ್ಧ ಮೊದಲ ಸೆಟ್ ಗೆದ್ದು ಸೋತರು. ಒತ್ತಡಕ್ಕೆ ಕುಸಿಯುವವರು ಗ್ರಾಫ್‌ರನ್ನು 8-6ರಿಂದ ಹೇಗೆ ಗೆದ್ದರು ಎಂದು ಆಗ ಯಾರೂ ಕೇಳಲಿಲ್ಲ, ಏಕೆಂದರೆ ಆ ಹಣೆಪಟ್ಟಿ ಇನ್ನೂ ಅಂಟಿರಲಿಲ್ಲ.

ಈಗ ಆಟದ ಒಳಕ್ಕೆ ಬರೋಣ. ನೊವೊಟ್ನಾ ಆಡುತ್ತಿದ್ದದ್ದು ಸರ್ವ್ ಆ್ಯಂಡ್ ವಾಲಿ. ಸರ್ವ್ ಮಾಡಿದ ಮರುಗಳಿಗೆಯೇ ನೆಟ್‌ನತ್ತ ಓಟ, ಎದುರಾಳಿಗೆ ಸಮಯವನ್ನೇ ಕೊಡದೆ ಚೆಂಡು ನೆಲಕ್ಕೆ ತಾಗುವ ಮೊದಲೇ ಮುಗಿಸುವುದು. ಎದುರಾಳಿಯ ಸರ್ವ್ ಇದ್ದಾಗಲೂ ಅವರು ಕಾಯುತ್ತಿರಲಿಲ್ಲ. ಬ್ಯಾಕ್‌ಹ್ಯಾಂಡ್ ಸ್ಲೈಸ್‌ನಿಂದ ಚೆಂಡನ್ನು ಕೆಳಮಟ್ಟದಲ್ಲಿ ಕೊಯ್ದು ಕಳಿಸಿ ಅದರ ಹಿಂದೆಯೇ ಮುನ್ನುಗ್ಗುತ್ತಿದ್ದರು. ಅಂದಿನ ವಿಂಬಲ್ಡನ್ ಹುಲ್ಲು ಇಂಥ ಆಟಕ್ಕೆ ಹೇಳಿಮಾಡಿಸಿದ್ದು. ಆಗ ಅಂಕಣಗಳಲ್ಲಿ ರೈ ಹುಲ್ಲಿನ ಜೊತೆ ತೆವಳಿ ಬೆಳೆಯುವ ಫೆಸ್ಕ್ಯೂ ಹುಲ್ಲನ್ನೂ ಬೆರೆಸಿ ಬಿತ್ತುತ್ತಿದ್ದರು. ಚೆಂಡು ಜಾರಿಕೊಂಡು ಹೋಗುತ್ತಿತ್ತು, ಮೇಲೇಳುತ್ತಿರಲಿಲ್ಲ. 2001ರಿಂದ ಪೂರ್ತಿ ರೈ ಹುಲ್ಲು ಬಂತು. ನೆಲ ಗಟ್ಟಿಯಾಯಿತು, ಚೆಂಡು ಎದೆಮಟ್ಟಕ್ಕೆ ಏಳತೊಡಗಿತು, ಹಿಂದಿನ ಗೆರೆಯಿಂದ ಬಾರಿಸುವವರ ಕಾಲ ಶುರುವಾಯಿತು. ಇಂದಿನ ವಿಂಬಲ್ಡನ್ ನೋಡಿ ಬೆಳೆದವರಿಗೆ ನೊವೊಟ್ನಾ ಆಡಿದಂಥ ಪಂದ್ಯ ಬೇರೆ ಆಟದಂತೆಯೇ ಕಂಡೀತು.

ಈ ಆಟಕ್ಕೆ ಒಂದು ಬೆಲೆಯಿದೆ. ಹಿಂದಿನ ಗೆರೆಯ ಆಟಗಾರ್ತಿಗೆ ಮುನ್ನಡೆ ಸಿಕ್ಕರೆ ತುಸು ಉಸಿರಾಡಬಹುದು. ಚೆಂಡನ್ನು ನೆಟ್‌ಗಿಂತ ಮೂರು ನಾಲ್ಕು ಅಡಿ ಮೇಲಿಂದ ಅಂಕಣದ ಆಳಕ್ಕೆ ಕಳಿಸುತ್ತ ಎದುರಾಳಿಯ ತಪ್ಪಿಗೆ ಕಾದರಾಯಿತು. ಸರ್ವ್ ಆ್ಯಂಡ್ ವಾಲಿಯಲ್ಲಿ ಹಾಗೆ ಕಾಯುವ ಜಾಗವೇ ಇಲ್ಲ. ಗದ್ದೆಯ ಬದುವಿನ ಮೇಲೆ ಓಡುವವನು ನಡುವೆ ಹಿಂಜರಿದು ನಿಂತರೆ ಕೆಸರಿಗೆ ಜಾರುವಂತೆ, ಇಲ್ಲಿ ಅರೆಗಳಿಗೆ ಅನುಮಾನಿಸಿದರೂ ಚೆಂಡು ಪಕ್ಕದಿಂದ ಹಾದುಹೋಗುತ್ತದೆ. 4-1ರಲ್ಲಿ ಇದ್ದಾಗಲೂ 1-4ರಲ್ಲಿ ಇದ್ದಾಗಲೂ ಅದೇ ಅಪಾಯವನ್ನು ಎದುರುಹಾಕಿಕೊಳ್ಳಬೇಕು. ಅದರಲ್ಲೂ ಎರಡನೇ ಸರ್ವ್ ಅತ್ಯಂತ ಕಠಿಣ. ಮೆಲ್ಲಗೆ ಹಾಕಿದರೆ ಚೆಂಡು ಖಂಡಿತ ಒಳಗೆ ಬೀಳುತ್ತದೆ, ಆದರೆ ಅದರ ಹಿಂದೆ ಓಡಿಬರುವವಳಿಗೆ ಗ್ರಾಫ್‌ರ ಫೋರ್‌ಹ್ಯಾಂಡ್ ಕಾದಿರುತ್ತದೆ. ಆ ಕಾಲದ ಮಹಿಳಾ ಟೆನಿಸ್‌ನ ಅತಿ ಭಯಂಕರ ಹೊಡೆತವೇ ಅದು. ಜೋರಾಗಿ ಹಾಕಿದರೆ ಗೆರೆ ದಾಟುವ ಭಯ. 40-30ರಲ್ಲಿ ನೊವೊಟ್ನಾ ಮೆಲ್ಲನೆಯ ದಾರಿ ಹಿಡಿಯಲಿಲ್ಲ. ಚೆಂಡು ದೂರ ಹೋಯಿತು. ಆಮೇಲೆ ಕೈ ಬಿಗಿಯಿತು, ಸರ್ವ್ ಬಿಗಿಯಾದೊಡನೆ ಅದರ ಮೇಲೆ ಕಟ್ಟಿದ್ದ ಇಡೀ ಆಟ ಅಲುಗಾಡಿತು. ಭಯವಾಗಿತ್ತೇ? ಆಗಿರಲೇಬೇಕು. ಆದರೆ ಆ ಮೂರು ಡಬಲ್ ಫಾಲ್ಟ್‌ಗಳ ನಡುವೆಯೂ ಅವರು ಮುಂದೆ ಓಡುವುದನ್ನು ಬಿಡಲಿಲ್ಲ. ಹಿಂದೆ ನಿಂತು ಬಚಾವಾಗಲು ನೋಡಲಿಲ್ಲ. ಆ ಫೈನಲ್‌ಗೆ ಬರುವ ದಾರಿಯಲ್ಲಿ ಗ್ಯಾಬ್ರಿಯೆಲಾ ಸಬಾಟಿನಿ, ಆಮೇಲೆ ಒಂಬತ್ತು ಸಲದ ಚಾಂಪಿಯನ್ ನವ್ರಾಟಿಲೋವಾರನ್ನು ನೇರ ಸೆಟ್‌ಗಳಲ್ಲಿ ಮಣಿಸಿದ್ದೂ ಇದೇ ಆಟವೇ.

ವಕಾಲತ್ತು ವಹಿಸುವವರು ಪ್ರತಿಕೂಲ ಸಾಕ್ಷಿಯನ್ನು ಮುಚ್ಚಿಡಬಾರದು. 1995ರ ಫ್ರೆಂಚ್ ಓಪನ್ ಮೂರನೇ ಸುತ್ತಿನಲ್ಲಿ ಅಮೆರಿಕದ ಹದಿಹರೆಯದ ಚಂದಾ ರೂಬಿನ್ ವಿರುದ್ಧ ನೊವೊಟ್ನಾ ಕೊನೆಯ ಸೆಟ್‌ನಲ್ಲಿ 5-0, 40-0 ಮುಂದಿದ್ದರು. ಒಟ್ಟು ಒಂಬತ್ತು ಮ್ಯಾಚ್ ಪಾಯಿಂಟ್ ಕೈತಪ್ಪಿದವು, ಪಂದ್ಯವೂ ಹೋಯಿತು. ಇದಕ್ಕೆ ಹುಲ್ಲಿನ ಕಾರಣವನ್ನಾಗಲೀ ಗ್ರಾಫ್‌ರ ಕಾರಣವನ್ನಾಗಲೀ ಕೊಡಲಾಗದು. ಅಂದು ಅವರು ನಿಜಕ್ಕೂ ಕುಸಿದರು. ಆದರೆ ಅದೇ ವರ್ಷದ ಇನ್ನೆರಡು ಪಂದ್ಯಗಳನ್ನು ಪಕ್ಕದಲ್ಲಿಟ್ಟು ನೋಡಿ. ಆಸ್ಟ್ರೇಲಿಯನ್ ಓಪನ್ ಮತ್ತು ವಿಂಬಲ್ಡನ್ ಡಬಲ್ಸ್ ಫೈನಲ್‌ಗಳಲ್ಲಿ ನೊವೊಟ್ನಾ–ಸ್ಯಾಂಚೆಜ್ ಜೋಡಿಗೆ ಎದುರಾದವರು ಜಿಗಿ ಫರ್ನಾಂಡಿಸ್–ನತಾಶಾ ಜ್ವೆರೆವಾ, ಆ ದಶಕದ ಅತಿ ಬಲಿಷ್ಠ ಜೋಡಿ. ಎರಡೂ ಪಂದ್ಯಗಳು ಮೂರನೇ ಸೆಟ್‌ಗೆ ಹೋದವು, ಎರಡರಲ್ಲೂ ನಿರ್ಣಾಯಕ ಸೆಟ್ 6-4. ಗೆದ್ದವರು ನೊವೊಟ್ನಾ–ಸ್ಯಾಂಚೆಜ್. ಪ್ಯಾರಿಸ್‌ನ ಸೋಲಿಗೂ ಲಂಡನ್‌ನ ಈ ಗೆಲುವಿಗೂ ನಡುವೆ ಹೆಚ್ಚೆಂದರೆ ಕೆಲವು ವಾರ. ಪತ್ರಿಕೆಗಳು ಬರೆದದ್ದು ಪ್ಯಾರಿಸ್ ಬಗ್ಗೆ.

ಇನ್ನೊಂದು ಹೋಲಿಕೆ ನನ್ನನ್ನು ಕಾಡುತ್ತದೆ. 1984ರ ಫ್ರೆಂಚ್ ಓಪನ್ ಫೈನಲ್‌ನಲ್ಲಿ ಜಾನ್ ಮೆಕೆನ್ರೊ ಲೆಂಡ್ಲ್ ವಿರುದ್ಧ ಮೊದಲ ಎರಡು ಸೆಟ್ ಗೆದ್ದು ಸೋತರು. ಅವರದೂ ಸರ್ವ್ ಆ್ಯಂಡ್ ವಾಲಿ ಆಟ. ಆ ಸೋಲು ಅವರ ಪ್ರತಿಭೆಯ ಕಥೆಗೆ ಒಂದು ನೋವಿನ ಅಧ್ಯಾಯವಾಗಿ ಸೇರಿಕೊಂಡಿತೇ ಹೊರತು ಅವರ ಗುರುತಾಗಲಿಲ್ಲ. ಮೆಕೆನ್ರೊ ಬಳಿ ಬೇರೆ ಸಿಂಗಲ್ಸ್ ಪ್ರಶಸ್ತಿಗಳಿದ್ದವು, ನಿಜ. ಆದರೆ ಅಂಕಣದಲ್ಲಿ ಕೂಗಾಡಿದ ಗಂಡಸಿನ ಸಿಟ್ಟನ್ನು ಛಲ ಎಂದು ಓದಿದ ಅದೇ ಕಣ್ಣುಗಳು ಹೆಣ್ಣಿನ ಕಣ್ಣೀರನ್ನು ದೌರ್ಬಲ್ಯ ಎಂದು ಓದಿದವು ಎಂಬುದೂ ಅಷ್ಟೇ ನಿಜ. ವಿಚಿತ್ರವೆಂದರೆ ಆ ಕಣ್ಣೀರಿನ ಬಗ್ಗೆ ನೊವೊಟ್ನಾರಿಗೇ ಮುಜುಗರವಿರಲಿಲ್ಲ. ಮರುದಿನ ಪತ್ರಿಕೆಗಳ ಮುಖಪುಟದಲ್ಲೆಲ್ಲ ತನ್ನ ಚಿತ್ರವನ್ನೇ ಕಂಡಾಗ ಕ್ಷಣಕಾಲ ತಾನೇ ಗೆದ್ದಂತೆ ಅನ್ನಿಸಿತ್ತು ಎಂದು ಅವರು ವರ್ಷಗಳ ನಂತರ ಹೇಳಿಕೊಂಡರು. ಒಂದಲ್ಲ ಒಂದು ದಿನ ನೀನು ಗೆದ್ದೇ ಗೆಲ್ಲುತ್ತೀ ಎಂದು ಡಚೆಸ್ ಅಂದು ಕಿವಿಯಲ್ಲಿ ಹೇಳಿದ್ದನ್ನೂ ತಿಳಿಸಿದರು.

ಆ ದಿನ ಬರಲು ಐದು ವರ್ಷ ಬೇಕಾಯಿತು. ನಡುವೆ 1995ರ ಸೆಮಿಫೈನಲ್‌ನಲ್ಲಿ ಮತ್ತೆ ಗ್ರಾಫ್ ಎದುರು ಮೊದಲ ಸೆಟ್ ಗೆದ್ದು ಸೋಲು. 1996ರಲ್ಲಿ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಸಿಂಗಲ್ಸ್ ಕಂಚು, ಸುಕೋವಾ ಜೊತೆ ಮತ್ತೊಂದು ಬೆಳ್ಳಿ. 1997ರಲ್ಲಿ ಎರಡನೇ ಸಲ ವಿಂಬಲ್ಡನ್ ಫೈನಲ್. ಎದುರಿಗೆ 16ರ ಹಿಂಗಿಸ್. ಮೊದಲ ಸೆಟ್ 6-2ರಿಂದ ನೊವೊಟ್ನಾರದು. ಹೊಟ್ಟೆಯ ಸ್ನಾಯು ನೋವು ಅವರನ್ನು ಕಾಡುತ್ತಿತ್ತು, ಹಿಂಗಿಸ್ ಉಳಿದೆರಡು ಸೆಟ್‌ಗಳನ್ನು 6-3, 6-3ರಿಂದ ಗೆದ್ದರು. ಈ ಬಾರಿ ಡಚೆಸ್ ಜೊತೆ ಮಾತಾಡುವಾಗ ನೊವೊಟ್ನಾ ನಗುತ್ತಿದ್ದರು. ಆ ವರ್ಷದ ಕೊನೆಗೆ ನ್ಯೂಯಾರ್ಕ್‌ನಲ್ಲಿ ನಡೆದ ಚಾಂಪಿಯನ್‌ಶಿಪ್‌ನಲ್ಲಿ ಅವರು ಮೇರಿ ಪಿಯರ್ಸ್‌ರನ್ನು ಮೂರು ನೇರ ಸೆಟ್‌ಗಳಲ್ಲಿ ಸೋಲಿಸಿದರು. ಆಗ ಆ ಟೂರ್ನಿಯ ಮಹಿಳಾ ಫೈನಲ್ ಐದು ಸೆಟ್‌ಗಳ ಪಂದ್ಯವಾಗಿತ್ತು. ವರ್ಷದ ಅತ್ಯುತ್ತಮರೆಲ್ಲ ಸೇರುವ ಕೂಟ ಅದು, ಅದನ್ನು ಗೆದ್ದದ್ದು ಏಕೋ ಇಂದು ಯಾರಿಗೂ ನೆನಪಿಲ್ಲ.

1998ರ ವಿಂಬಲ್ಡನ್ ಹೊತ್ತಿಗೆ ನೊವೊಟ್ನಾರಿಗೆ 29 ತುಂಬಿ ಒಂಬತ್ತು ತಿಂಗಳು. ಕ್ವಾರ್ಟರ್ ಫೈನಲ್‌ನಲ್ಲಿ ಎದುರಾದವರು ಹದಿನೆಂಟರ ವೀನಸ್ ವಿಲಿಯಮ್ಸ್, ಮಹಿಳಾ ಟೆನಿಸ್‌ನ ಮುಂದಿನ ಯುಗ. 7-5, 7-6. ಸೆಮಿಫೈನಲ್‌ನಲ್ಲಿ ಹಿಂದಿನ ವರ್ಷ ತನ್ನನ್ನು ಸೋಲಿಸಿದ್ದ ಹಿಂಗಿಸ್, 6-4, 6-4. ಫೈನಲ್‌ನಲ್ಲಿ ಫ್ರಾನ್ಸಿನ ನಥಾಲಿ ಟೌಜಿಯಾ, ಅವರೂ ನೆಟ್‌ಗೆ ನುಗ್ಗುವ ಆಟಗಾರ್ತಿ, ವಯಸ್ಸು 30. 1925ರಲ್ಲಿ ಸುಜಾನ್ ಲೆಂಗ್ಲೆನ್ ಆಡಿದ ಮೇಲೆ ವಿಂಬಲ್ಡನ್ ಸಿಂಗಲ್ಸ್ ಫೈನಲ್ ತಲುಪಿದ ಮೊದಲ ಫ್ರೆಂಚ್ ಮಹಿಳೆ. ಇಬ್ಬರಿಗೂ ಇದೇ ಕೊನೆಯ ಅವಕಾಶ ಎಂಬುದು ಇಬ್ಬರಿಗೂ ಗೊತ್ತಿತ್ತು. ಮೊದಲ ಸೆಟ್ 6-4. ಎರಡನೆಯದು ಟೈಬ್ರೇಕರ್‌ಗೆ ಹೋಯಿತು. ಹಳೆಯ ಕಥೆ ಮರುಕಳಿಸಬಹುದೆಂದು ಸೆಂಟರ್ ಕೋರ್ಟ್ ಆತಂಕದಲ್ಲಿದ್ದಾಗ ನೊವೊಟ್ನಾ ಅದನ್ನು 7-2ರಿಂದ ಮುಗಿಸಿದರು. ಆವರೆಗೆ ಓಪನ್ ಯುಗದಲ್ಲಿ ಅಷ್ಟು ದೊಡ್ಡ ವಯಸ್ಸಿನಲ್ಲಿ ಮೊದಲ ಸಿಂಗಲ್ಸ್ ಗ್ರ್ಯಾಂಡ್ ಸ್ಲಾಮ್ ಗೆದ್ದ ಮಹಿಳೆ ಇರಲಿಲ್ಲ. ನವ್ರಾಟಿಲೋವಾ ತಾಯ್ನಾಡು ತೊರೆದ ಮೇಲೆಯೇ ವಿಂಬಲ್ಡನ್ ಗೆದ್ದಿದ್ದರಿಂದ, ಚೆಕ್ ಆಟಗಾರ್ತಿಯಾಗಿ ಪ್ರಶಸ್ತಿಯ ತಟ್ಟೆ ಎತ್ತಿದವರಲ್ಲಿ ನೊವೊಟ್ನಾ ಮೊದಲಿಗರು. ತಟ್ಟೆಯನ್ನು ಕೈಗಿತ್ತವರು ಅದೇ ಡಚೆಸ್. ಅದೇ ಟೂರ್ನಿಯಲ್ಲಿ ಹಿಂಗಿಸ್ ಜೊತೆ ಡಬಲ್ಸ್ ಕೂಡ ಗೆದ್ದರು. ಆ ವರ್ಷ ಹಿಂಗಿಸ್ ನಾಲ್ಕೂ ಡಬಲ್ಸ್ ಗ್ರ್ಯಾಂಡ್ ಸ್ಲಾಮ್ ಗೆದ್ದದ್ದನ್ನು ದಾಖಲೆ ಪುಸ್ತಕಗಳು ಬರೆದಿವೆ. ಅದರಲ್ಲಿ ಮೂರು ನೊವೊಟ್ನಾ ಪಕ್ಕದಲ್ಲಿ ನಿಂತು ಗೆದ್ದವು.

ಆಮೇಲಿನದು ಬೇಗ ಮುಗಿಯುತ್ತದೆ. 1999ರಲ್ಲಿ ಗಾಯ, ವರ್ಷದ ಕೊನೆಗೆ ನಿವೃತ್ತಿ. ಬಿಬಿಸಿಗೆ ವೀಕ್ಷಕ ವಿವರಣೆ. 2005ರಲ್ಲಿ ಅಂತರರಾಷ್ಟ್ರೀಯ ಟೆನಿಸ್ ಹಾಲ್ ಆಫ್ ಫೇಮ್. ಹೆಚ್ಚಿನವರ ಕಥೆ ಇಲ್ಲಿಗೆ ನಿಲ್ಲುತ್ತದೆ. ನನ್ನ ಮಟ್ಟಿಗೆ ನೊವೊಟ್ನಾ ವೃತ್ತಿಬದುಕಿನ ಅತಿ ಸೊಗಸಾದ ಭಾಗ ಇನ್ನೂ ಬಾಕಿಯಿತ್ತು.

2014ರಲ್ಲಿ ಹದಿನೆಂಟರ ಹುಡುಗಿಯೊಬ್ಬಳು ಮನೆಯವರ ಜೊತೆ ನೊವೊಟ್ನಾರ ಮನೆ ಬಾಗಿಲಿಗೆ ಒಂದು ಪತ್ರ ಹಿಡಿದು ಬಂದಳು. ಅವಳೂ ಬ್ರ್ನೊದಲ್ಲೇ ಹುಟ್ಟಿದವಳು, ಹೆಸರು ಬಾರ್ಬೊರಾ ಕ್ರೆಜ್ಚಿಕೋವಾ. ಜೂನಿಯರ್ ಹಂತ ಮುಗಿದಿತ್ತು, ಮುಂದೇನು ಎಂದು ತಿಳಿಯದೆ ಸಲಹೆ ಕೇಳಲು ಬಂದಿದ್ದಳು. ನೊವೊಟ್ನಾ ಅವಳ ಆಟ ನೋಡಿದರು, ಕಲಿಸಲು ಒಪ್ಪಿದರು. ಮ್ಯಾಂಡ್ಲಿಕೋವಾ ತನಗೆ ಮಾಡಿದ್ದನ್ನು ಅವರು ಈ ಹುಡುಗಿಗೆ ಮಾಡತೊಡಗಿದರು. ಸ್ಲೈಸ್, ವಾಲಿ, ಚೆಂಡಿನ ವೇಗ ಬದಲಿಸುವುದು, ನೆಟ್‌ಗೆ ಬರುವ ಸಮಯ. ಎಲ್ಲರೂ ಹಿಂದಿನ ಗೆರೆಯಿಂದ ಬಾರಿಸುವ ಕಾಲದಲ್ಲಿ ಬೇರೆಯವರಿಗೆ ಬಾರದ ವಿದ್ಯೆಯೊಂದು ಕ್ರೆಜ್ಚಿಕೋವಾ ಕೈಸೇರಿತು.

ನೊವೊಟ್ನಾರಿಗೆ ಕ್ಯಾನ್ಸರ್ ತಗುಲಿತು. ಸುದ್ದಿ ಹೊರಗೆ ಹೆಚ್ಚು ಜನಕ್ಕೆ ಗೊತ್ತಿರಲಿಲ್ಲ. 2017ರ ನವೆಂಬರ್ 19ರಂದು, 49ನೇ ವಯಸ್ಸಿನಲ್ಲಿ ತೀರಿಕೊಂಡರು. ಕೊನೆಯ ದಿನಗಳಲ್ಲಿ ಕ್ರೆಜ್ಚಿಕೋವಾ ಅವರ ಬಳಿಯಿದ್ದರು. ಖುಷಿಯಿಂದ ಆಡು, ಒಂದು ಗ್ರ್ಯಾಂಡ್ ಸ್ಲಾಮ್ ಗೆಲ್ಲಲು ಪ್ರಯತ್ನಿಸು ಎಂಬುದು ಗುರುವಿನ ಕಡೆಯ ಮಾತುಗಳಲ್ಲೊಂದು ಎಂದು ಕ್ರೆಜ್ಚಿಕೋವಾ ಮುಂದೆ ಹೇಳಿದರು. ಹೇಳಿದ ಸಂದರ್ಭ, 2021ರ ಫ್ರೆಂಚ್ ಓಪನ್ ಸಿಂಗಲ್ಸ್ ಫೈನಲ್‌ನಲ್ಲಿ ಅನಸ್ತಾಸಿಯಾ ಪವ್ಲ್ಯುಚೆಂಕೋವಾರನ್ನು ಸೋಲಿಸಿದ ದಿನ. ಅದೇ ಟೂರ್ನಿಯ ಸೆಮಿಫೈನಲ್‌ನಲ್ಲಿ ಮರಿಯಾ ಸಕ್ಕಾರಿ ಎದುರು ಒಂದು ಮ್ಯಾಚ್ ಪಾಯಿಂಟ್ ಉಳಿಸಿಕೊಂಡಿದ್ದರು. ನೊವೊಟ್ನಾ ಒಂಬತ್ತು ಮ್ಯಾಚ್ ಪಾಯಿಂಟ್ ಕಳೆದುಕೊಂಡದ್ದೂ ಫ್ರೆಂಚ್ ಓಪನ್ ನಡೆಯುವ ಅದೇ ರೊಲಾಂ ಗ್ಯಾರೋಸ್‌ನಲ್ಲಿ.

2024ರ ಜುಲೈ 13ರಂದು ಕ್ರೆಜ್ಚಿಕೋವಾ ವಿಂಬಲ್ಡನ್ ಫೈನಲ್ ಆಡಿದರು, ಇಟಲಿಯ ಜಾಸ್ಮಿನ್ ಪಾವೊಲಿನಿ ವಿರುದ್ಧ. 31ನೇ ಶ್ರೇಯಾಂಕ, ಯಾರ ಲೆಕ್ಕದಲ್ಲೂ ಇರದಿದ್ದ ಹೆಸರು. 6-2, 2-6 ಆಗಿ ಮೂರನೇ ಸೆಟ್‌ನಲ್ಲಿ 5-4ರಲ್ಲಿ ಸರ್ವ್ ಅವರ ಕೈಗೆ ಬಂತು. ಬ್ರೇಕ್ ಪಾಯಿಂಟ್‌ಗಳು ಎದುರಾದವು, ತಡೆದರು, ಗೆದ್ದರು. ಆಮೇಲೆ ಕ್ಲಬ್‌ನ ಒಳಗೆ ಚಾಂಪಿಯನ್ನರ ಹೆಸರು ಬರೆದ ಫಲಕದ ಬಳಿ ಕರೆದೊಯ್ದಾಗ ಅಲ್ಲಿ 1998ರ ಸಾಲಿನಲ್ಲಿ ಯಾನಾ ಹೆಸರಿತ್ತು. ಅದೇ ಫಲಕದಲ್ಲಿ ತನ್ನ ಹೆಸರನ್ನೂ ಕಂಡು ಕ್ರೆಜ್ಚಿಕೋವಾ ಅತ್ತರು. ಯಾನಾ ಎಷ್ಟು ಹೆಮ್ಮೆಪಡುತ್ತಿದ್ದರೋ ಎಂದರು.

ಕ್ರೆಜ್ಚಿಕೋವಾರ ಗ್ರ್ಯಾಂಡ್ ಸ್ಲಾಮ್ ಪಟ್ಟಿಯಲ್ಲಿ ಆ ದಿನಕ್ಕೆ ಸಿಂಗಲ್ಸ್ 2, ಕಟೆರಿನಾ ಸಿನಿಯಾಕೋವಾ ಜೊತೆ ಮಹಿಳಾ ಡಬಲ್ಸ್ 7, ಮಿಶ್ರ ಡಬಲ್ಸ್ 3 ಇದ್ದವು, ಜೊತೆಗೆ ಟೋಕಿಯೊ ಒಲಿಂಪಿಕ್ಸ್‌ನ ಡಬಲ್ಸ್ ಚಿನ್ನ. ಗುರುವಿನಂತೆ ಅವರೂ ಮೊದಲು ಡಬಲ್ಸ್‌ನಲ್ಲೇ ಗೆದ್ದವರು. ಡಬಲ್ಸ್ ಆಟಗಾರ್ತಿ ಎಂದು ತನ್ನನ್ನು ಬದಿಗೆ ಸರಿಸುವುದು ಇಷ್ಟವಿಲ್ಲ ಎಂದು ವರ್ಷಗಳ ಕಾಲ ಹೇಳುತ್ತಲೇ ಬಂದಿದ್ದರು. ಸಿಂಗಲ್ಸ್‌ನಲ್ಲಿ ಗುರು ಒಂದು ಗೆದ್ದಿದ್ದರು, ಶಿಷ್ಯೆ ಈಗ ಎರಡು ಗೆದ್ದಿದ್ದಾರೆ. ಒಟ್ಟು ಲೆಕ್ಕದಲ್ಲಿ ಇನ್ನೂ ಗುರುವೇ ಮುಂದೆ.